ಸಹಾಯ ಬೇಕು: ನೋವು ಹೋದ ಮೇಲೂ ಡ್ರಾಪ್ಸ್ ಹಾಕಬೇಕಾ?

ತಮ್ಮನ ಕಣ್ಣಿಗೆ ಚೆಂಡು ಬಡಿದು 6 ದಿನವಾಯಿತು. ಕಣ್ಣಿನ ಡಾಕ್ಟರು ಅವತ್ತೇ ನೋಡಿದರು. ಒಳಗೆ ರಕ್ತ ಸೋರಿಲ್ಲ, ಐರಿಸ್‌ನಲ್ಲಿ (ಪಾಪೆ ಸುತ್ತಲಿನ ಬಣ್ಣದ ಭಾಗ) ಉರಿಯೂತ ಇದೆ ಅಂದರು. ಪ್ರೆಡ್ನಿಸೊಲೋನ್ 1% ಅನ್ನೋ ಸ್ಟಿರಾಯ್ಡ್ ಡ್ರಾಪ್ಸ್ ದಿನಕ್ಕೆ 4 ಸಲ, ವಾರ ಕಳೆದ ಮೇಲೆ 3, 2, 1 ಅಂತ ಇಳಿಸಬೇಕಂತೆ. ಜೊತೆಗೆ ಪಾಪೆ ಹಿಗ್ಗಿಸುವ ಹೋಮಾಟ್ರೊಪಿನ್ ಡ್ರಾಪ್ಸ್. ಬಾಟಲಿ ಅಲ್ಲಾಡಿಸಿ, ಎರಡರ ನಡುವೆ 5 ನಿಮಿಷ ಬಿಟ್ಟು ಹಾಕುತ್ತಿದ್ದೇವೆ.

ಈಗ ನೋವಿಲ್ಲ, ಕೆಂಪೂ ಇಲ್ಲ. ಪಾಪೆ ಮಾತ್ರ ದೊಡ್ಡದಾಗಿದೆ, ಹತ್ತಿರದ ಅಕ್ಷರ ಮಸುಕು. ಅದು ಹೋಮಾಟ್ರೊಪಿನ್ ಕೆಲಸ ಅಂತ ಮೊದಲೇ ಹೇಳಿದ್ದರು.

ಸ್ಟಿರಾಯ್ಡ್ ಜಾಸ್ತಿ ದಿನ ಹಾಕಿದರೆ ಕಣ್ಣಿನ ಒತ್ತಡ ಏರುತ್ತದೆ, ನಿಲ್ಲಿಸಿಬಿಡು ಅಂತಾರೆ ಮನೆಯವರು. (ಎಲ್ಲರೂ ಡಾಕ್ಟರೇ!) ಥಟ್ಟನೆ ನಿಲ್ಲಿಸಿದರೆ ಉರಿಯೂತ ಮರಳಬಹುದು ಅಲ್ವಾ? ಚೆಕಪ್‌ಗೆ ಇನ್ನೂ 3 ದಿನ ಇದೆ, ಕ್ಲಿನಿಕ್‌ನವರು ಫೋನ್ ಎತ್ತುತ್ತಿಲ್ಲ.

ಕಣ್ಣಿನ ಡಾಕ್ಟರು ಯಾರಾದರೂ ಇದ್ದರೆ ಹೇಳಿ: ಚೆಕಪ್ ತನಕ ಬರೆದುಕೊಟ್ಟ ಲೆಕ್ಕದಲ್ಲೇ ಹಾಕಬೇಕಾ, ಈಗಲೇ ಇಳಿಸಬಹುದಾ?