ಸಹಾಯ ಬೇಕು: ಮಕ್ಕಳಿಗೆ ಅರ್ಕಾವತ್ತು ಓದಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಬಿ.ಎಡ್ ಮುಗಿಸಿ ಮಂಗಳೂರಿನ ಹತ್ತಿರ ಒಂದು ಕಾನ್ವೆಂಟ್ ಶಾಲೆಗೆ ಸೇರಿ ಇದು ಎರಡನೇ ವರ್ಷ. ನಾಲ್ಕನೇ ಕ್ಲಾಸಿಗೆ ಕನ್ನಡ ತೆಗೆದುಕೊಳ್ಳುತ್ತೇನೆ. ಮಕ್ಕಳ ಮನೆಮಾತು ತುಳು, ಕೊಂಕಣಿ, ಬ್ಯಾರಿ, ಕನ್ನಡ ಕಿವಿಗೆ ಬೀಳುವುದೇ ನನ್ನ ಪೀರಿಯಡ್‌ನಲ್ಲಿ ಅಂದರೂ ತಪ್ಪಿಲ್ಲ. (ಕಿಟ್ಟೆಲ್ ನಿಘಂಟು 1894ರಲ್ಲಿ ಅಚ್ಚಾದ ಊರು ನಮ್ಮದು, ಏನು ಹೇಳಲಿ!)

ಕಾಗುಣಿತ ಪರವಾಗಿಲ್ಲ. ‘ಅಕ್ಕ’, ‘ಅಪ್ಪ’ ಥರದ ಒತ್ತಕ್ಷರದ ಪದಗಳನ್ನೂ ಓದುತ್ತಾರೆ. ಅರ್ಕಾವತ್ತು ಬಂದರೆ ಮಾತ್ರ ಎಡವುತ್ತಾರೆ. ಸೂರ್ಯ ಅಂತ ಬರೆದರೆ ‘ಸೂಯರ’ ಅಂತ ಓದುತ್ತಾರೆ. ಅವರದೂ ತಪ್ಪಲ್ಲ, ‘ರ್’ ಉಚ್ಚಾರ ಮೊದಲು, ಗುರುತು ಮಾತ್ರ ಕೊನೆಗೆ ಅಲ್ವಾ? ಬೆಳಗ್ಗೆ ಪ್ರಾರ್ಥನೆಯಲ್ಲಿ ‘ಸ್ವರ್ಗದಲ್ಲಿರುವ ನಮ್ಮ ತಂದೆಯೇ’ ಅಂತ ಒಂದೂ ತಪ್ಪಿಲ್ಲದೆ ಹೇಳಿದ ಹುಡುಗನೇ ಬೋರ್ಡಿನಲ್ಲಿ ಅದೇ ಪದ ನೋಡಿ ‘ಸ್ವಗರ’ ಅಂದ.

ಫ್ಲ್ಯಾಶ್ ಕಾರ್ಡ್ ಮಾಡಿದೆ, ಗುರುತನ್ನು ಕೆಂಪು ಚಾಕ್‌ನಲ್ಲಿ ಬರೆದೆ, ಹತ್ತತ್ತು ಸಲ ಕಾಪಿ ಬರೆಸಿದೆ. ಬರೆಯುವಾಗ ಸರಿ, ಮರುದಿನ ಓದುವಾಗ ಮತ್ತೆ ಅದೇ ಕಥೆ. ಹೆಡ್ ಸಿಸ್ಟರ್ ಪೋರ್ಷನ್ ಮುಗಿಸಿ ಟೀಚರ್ ಅನ್ನುತ್ತಾರೆ, ಸೀನಿಯರ್ ಟೀಚರ್ ಸುಮ್ನೆ ಬಿಡಿ, ತಾನಾಗಿ ಬರುತ್ತದೆ ಅನ್ನುತ್ತಾರೆ.

ನನ್ನ ಗೊಂದಲ ಇಷ್ಟೇ. ಮೊದಲು ‘ಸೂರ್‌ಯ’ ಅಂತ ಬಿಡಿಸಿ ಬರೆದು ಓದಿಸಿ, ಆಮೇಲೆ ಅರ್ಕಾವತ್ತಿಗೆ ಬದಲಾಯಿಸಿದರೆ ಸುಲಭ ಆಗುತ್ತದಾ, ಇಲ್ಲಾ ಎರಡು ರೂಪ ನೋಡಿ ಇನ್ನೂ ಜಾಸ್ತಿ ಗೊಂದಲ ಆಗುತ್ತದಾ? ಮನೆಮಾತು ಕನ್ನಡವಲ್ಲದ ಮಕ್ಕಳಿಗೆ ಕಲಿಸಿದವರು ದಯವಿಟ್ಟು ಹೇಳಿ, ನೀವು ಯಾವುದರಿಂದ ಶುರು ಮಾಡಿದಿರಿ?