ಅಪ್‌ಡೇಟ್: ಅಣ್ಣ ಸಿಗರೇಟ್ ಬಿಟ್ಟಿದ್ದಾನೆ

ಅಣ್ಣನಿಗೆ ಸಿಗರೇಟ್ ಬಿಡಿಸೋದು ಹೇಗೆ ಅಂತ ಕೇಳಿದ್ದೆ ಅಲ್ವಾ? ಖುಷಿಯಿಂದ ಹೇಳ್ತಿದ್ದೀನಿ, ಈವರೆಗೆ ಮತ್ತೆ ಮುಟ್ಟಿಲ್ಲ.

ಕೈ ಹಿಡಿದದ್ದು ನಿಕೋಟಿನ್ (ತಂಬಾಕಿನಲ್ಲಿರುವ ಚಟ ಹಿಡಿಸುವ ಅಂಶ) ಇರುವ ಪ್ಯಾಚ್, ಅಂದ್ರೆ ಚರ್ಮಕ್ಕೆ ಅಂಟಿಸೋ ಪಟ್ಟಿ, ಮತ್ತು ಅಗಿಯೋ ಗಮ್ ಎರಡನ್ನೂ ಒಟ್ಟಿಗೆ ಬಳಸುವ ಸಲಹೆ. ಡಾಕ್ಟರನ್ನು ಕೇಳಿಯೇ ಶುರು ಮಾಡಿದೆವು. ಪ್ಯಾಚ್ ದಿನವಿಡೀ ನಿಧಾನವಾಗಿ ನಿಕೋಟಿನ್ ಕೊಡುತ್ತದೆ. ತಟ್ಟನೆ ಸೇದಬೇಕು ಅನ್ನಿಸಿದರೆ ಗಮ್. ಅದನ್ನು ಸುಮ್ನೆ ಅಗಿಯುತ್ತಾ ಇರೋ ಹಾಗಿಲ್ಲ. ಬಾಯಿ ಚುರುಗುಟ್ಟುವವರೆಗೆ ಮೆಲ್ಲಗೆ ಅಗಿದು, ಕೆನ್ನೆಗೂ ಒಸಡಿಗೂ ನಡುವೆ ಒತ್ತಿಟ್ಟುಕೊಳ್ಳಬೇಕು. ಚುರುಚುರು ಹೋದ ಮೇಲೆ ಮತ್ತೆ ಅಗಿಯಬೇಕು. ಗಮ್ ಬಾಯಿಗೆ ಹಾಕುವ 15 ನಿಮಿಷ ಮುಂಚೆಯಿಂದ ಕಾಫಿ, ಜ್ಯೂಸ್ ಬೇಡ. ಕುಡಿದರೆ ನಿಕೋಟಿನ್ ಸರಿಯಾಗಿ ಒಳಗೆ ಹೋಗುವುದಿಲ್ಲ.

ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುವ ಉಪಾಯ ಅವನಿಗೆ ಆಗಿಬರಲಿಲ್ಲ. ಮುಂದಿನ ಸಿಗರೇಟಿಗೆ ಗಡಿಯಾರ ನೋಡುತ್ತಾ ಕೂರುತ್ತಿದ್ದ, ಪಾಪ.

ನನಗೆ ಆಶ್ಚರ್ಯ ಆಗಿದ್ದು ಕಾಫಿ ವಿಷಯ. ಸಿಗರೇಟಿನ ಹೊಗೆಯಿಂದಾಗಿ ದೇಹ ಕೆಫೀನನ್ನು ಬೇಗ ಹೊರಹಾಕುತ್ತದಂತೆ. ಸೇದೋದು ನಿಂತ ಮೇಲೆ ಅಷ್ಟೇ ಕಾಫಿ ಕುಡಿದರೂ ರಕ್ತದಲ್ಲಿ ಕೆಫೀನ್ ಜಾಸ್ತಿ ಉಳಿಯುತ್ತದೆ. ಅಣ್ಣನಿಗೆ ನಿದ್ದೆ ಇರಲಿಲ್ಲ, ಎದೆ ಡವಡವ ಅನ್ನುತ್ತಿತ್ತು. ಡಾಕ್ಟರ್ ಹೇಳಿದಂತೆ ಕಾಫಿ ಅರ್ಧಕ್ಕಿಳಿಸಿದ. ಈಗ ರಾತ್ರಿ ನೆಮ್ಮದಿಯಾಗಿ ಮಲಗುತ್ತಾನೆ. ಪ್ಯಾಚ್ ಇನ್ನೂ ಕೆಲವು ವಾರ ಮುಂದುವರಿಯುತ್ತದೆ.