ಪದಚರ್ಚೆ: ಹಳೆಯ ರೇಸ್ ಕಾರಿನ ‘ಡ್ರಿಫ್ಟ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಕಾರವಾರದ ನಾವು ಕೆಲವರು, ಶಿರಸಿ ಮತ್ತು ಕುಮಟಾದ ಇನ್ನು ಕೆಲವರು ಸೇರಿ ಒಂದು ಕನ್ನಡ ಕೈಪಿಡಿ ಬರೆಯುತ್ತಿದ್ದೇವೆ. ಕಂಪ್ಯೂಟರಿನ ರೇಸಿಂಗ್ ಸಿಮ್ಯುಲೇಟರ್‌ಗಳಲ್ಲಿ ಹಳೆಯ ಗ್ರ್ಯಾನ್ ಪ್ರೀ (ಫಾರ್ಮುಲಾ ಒನ್ ರೇಸಿನ) ಕಾರು ಓಡಿಸಲು ಕಲಿಯುವ ಹುಡುಗ ಹುಡುಗಿಯರಿಗೆ ಅಂತ. ಗೇರು, ಕ್ಲಚ್ಚು, ಬ್ರೇಕು, ಟೈರು ಹಾಗೇ ಇರಲಿ ಎಂದು ಮೊದಲೇ ಒಪ್ಪಿಕೊಂಡೆವು. ಅವು ಈಗ ನಮ್ಮವೇ ಪದಗಳು. ಆದರೆ ಒಂದು ಪದ ಮಾತ್ರ ಸಿಗುತ್ತಿಲ್ಲ. ಅದಿಲ್ಲದೆ ತಿರುವಿನ ಅಧ್ಯಾಯ ಪೂರ್ತಿ ನಿಂತಿದೆ.

ಪದ ‘ಡ್ರಿಫ್ಟ್’. ಹಾಗೇ ಬಳಸಿದರೆ ಆಯ್ತಲ್ವಾ ಅಂತ ಕೇಳಬಹುದು. ಬಳಸಿ ನೋಡಿದೆವು, ತೊಂದರೆ ಅಲ್ಲೇ ಶುರುವಾಯಿತು. ಇವತ್ತು ಡ್ರಿಫ್ಟ್ ಅಂದರೆ ಎಲ್ಲರಿಗೂ ಗೊತ್ತಿರುವುದು ಜಪಾನಿನಿಂದ ಹರಡಿದ ಆ ಪ್ರದರ್ಶನದ ಆಟ. ಹಿಂದಿನ ಚಕ್ರ ಗಿರಗಿರ ಸುತ್ತುತ್ತದೆ, ಟೈರು ಹೊಗೆ ಉಗುಳುತ್ತದೆ, ಕಾರು ಪೂರ್ತಿ ಅಡ್ಡಡ್ಡ ಹೋಗುತ್ತದೆ. ನೋಡಲು ಚೆಂದ, ಆದರೆ ವೇಗ ಕಮ್ಮಿ. 1950 ಮತ್ತು 60ರ ದಶಕದ ಗ್ರ್ಯಾನ್ ಪ್ರೀ ಚಾಲಕರು ಇದೇ ಪದ ಹೇಳುತ್ತಿದ್ದಾಗ ಅವರ ಮನಸ್ಸಿನಲ್ಲಿ ಇದ್ದದ್ದು ಬೇರೆಯೇ. ನಾಲ್ಕೂ ಚಕ್ರ ಸ್ವಲ್ಪ ಸ್ವಲ್ಪ ಪಕ್ಕಕ್ಕೆ ಸರಿಯುತ್ತಾ, ಸ್ಟೀರಿಂಗ್ ಹೆಚ್ಚು ಕಡಿಮೆ ನೇರ ಇಟ್ಟು, ಆಕ್ಸಿಲರೇಟರಿನಿಂದಲೇ ಕಾರನ್ನು ತಿರುವಿನಲ್ಲಿ ಹಿಡಿದಿಡುವುದು. ಅದು ಪ್ರದರ್ಶನ ಅಲ್ಲ. ಆ ಕಾರುಗಳಿಗೆ ಅದೇ ಅತಿ ವೇಗದ ದಾರಿ. 1957ರಲ್ಲಿ ಫ್ರಾನ್ಸಿನ ರುವಾನ್‌ನಲ್ಲಿ ಅರ್ಜೆಂಟೀನಾದ ಚಾಲಕ ಫ್ಯಾಂಜಿಯೊ ಮಸೆರಾಟಿ 250ಎಫ್ ಕಾರು ಓಡಿಸುತ್ತಿರುವ ಪ್ರಸಿದ್ಧ ಫೋಟೋಗಳನ್ನು ನೋಡಿದವರಿಗೆ ನಾನು ಹೇಳುತ್ತಿರುವುದು ತಕ್ಷಣ ಹೊಳೆಯುತ್ತದೆ.

ಕೈಪಿಡಿಯಲ್ಲಿ ‘ಇಲ್ಲಿ ಡ್ರಿಫ್ಟ್ ಮಾಡಿ’ ಎಂದು ಬರೆದರೆ ಓದಿದವರು ಹಿಂದಿನ ಚಕ್ರ ಸುತ್ತಿಸುತ್ತಾರೆ, ಕಾರು ಗಿರಕಿ ಹೊಡೆದು ಹುಲ್ಲಿಗೆ ಹೋಗುತ್ತದೆ. ಅದರಲ್ಲೂ 1967ರ ಲೋಟಸ್ 49 ಅಂಥ ಕಾರಿನಲ್ಲಿ ಕೇಳಲೇಬೇಡಿ. ಸುಮಾರು 500 ಕಿಲೋ ತೂಕ, ಸುಮಾರು 400 ಅಶ್ವಶಕ್ತಿ. ಗ್ರ್ಯಾನ್ ಪ್ರೀ ಕಾರುಗಳಿಗೆ ರೆಕ್ಕೆಗಳು ಬಂದಿದ್ದೇ 1968ರಲ್ಲಿ. ಅಲ್ಲಿಯವರೆಗೆ ಕಾರನ್ನು ನೆಲಕ್ಕೆ ಒತ್ತಿ ಹಿಡಿಯುವ ಗಾಳಿಯ ಬಲ ಇಲ್ಲವೇ ಇಲ್ಲ. ಇದ್ದ ಹಿಡಿತವೆಲ್ಲ ಟೈರಿನದ್ದೇ. ಇದೇ ಕಾರಿನಲ್ಲಿ ಜಿಮ್ ಕ್ಲಾರ್ಕ್ 1967ರ ಜೂನ್ 4ರಂದು ಹಾಲೆಂಡಿನ ಜಾಂಡ್‌ವೋರ್ಟ್‌ನಲ್ಲಿ ಗೆದ್ದರು, ಕಾರಿಗೆ ಅದು ಮೊದಲ ರೇಸು. ಆ ವರ್ಷದ ಕಾರುಗಳನ್ನೇ ಇಟ್ಟುಕೊಂಡು ಪ್ಯಾಪಿರಸ್ ಕಂಪನಿ 1998ರಲ್ಲಿ ‘ಗ್ರ್ಯಾನ್ ಪ್ರೀ ಲೆಜೆಂಡ್ಸ್’ ಎಂಬ ಸಿಮ್ಯುಲೇಟರ್ ತಂದಿತು. ಅಲ್ಲಿಂದ ಅಸೆಟ್ಟೊ ಕೋರ್ಸಾ ಎಂಬ ಸಿಮ್ಯುಲೇಟರಿನ ಲೋಟಸ್ 49ರವರೆಗೆ ಇಂಥ ಕಾರು ಮರುಕಟ್ಟುವವರಿಗೆ ನಿಜವಾದ ಪರೀಕ್ಷೆ ಟೈರೇ. ಆಕಾರವನ್ನು ಉಳಿದಿರುವ ಕಾರುಗಳಿಂದ, ನಕ್ಷೆಗಳಿಂದ ಅಳೆದುಕೊಳ್ಳಬಹುದು. ಟೈರಿನ ನಡತೆಯನ್ನು ಲೆಕ್ಕದಲ್ಲಿ ಬರೆಯಬೇಕು.

ಈಗ ಪದದ ವಿಷಯಕ್ಕೆ ಬರುತ್ತೇನೆ. ಎಲ್ಲರ ಬಾಯಿಗೂ ಮೊದಲು ಬಂದದ್ದು ‘ಜಾರು’. ನನಗೆ ಇದು ಒಪ್ಪಿಗೆ ಇಲ್ಲ. ಮಳೆಗಾಲದಲ್ಲಿ ದೇವಿಮನೆ ಘಟ್ಟದಲ್ಲೋ ಅರಬೈಲು ಘಟ್ಟದಲ್ಲೋ ‘ಗಾಡಿ ಜಾರ್ತು’ ಅಂದರೆ ಚಾಲಕನ ಕೈ ಮೀರಿತು ಎಂದೇ ಅರ್ಥ. ಶಿರಸಿಯ ಗೆಳೆಯರು ಇದಕ್ಕೆ ಒಳ್ಳೆಯ ಉತ್ತರ ಕೊಟ್ಟರು. ‘ಜಾರು’ ಬೇಡ, ‘ಜಾರಿಸು’ ಅನ್ನಿ ಎಂದರು. ಗಾಡಿ ಜಾರಿತು ಅಂದರೆ ತಾನಾಗಿ ಆದದ್ದು, ಗಾಡಿ ಜಾರಿಸಿದ ಅಂದರೆ ಬೇಕೆಂದೇ ಮಾಡಿದ್ದು. ಜಾರುಬಂಡಿಯಲ್ಲಿ ಮಕ್ಕಳು ಬೇಕೆಂದೇ ಜಾರುತ್ತಾರಲ್ಲ, ಜಾರಿಕೆಯಲ್ಲಿ ಕೆಟ್ಟದ್ದೇನಿದೆ ಅಂತಲೂ ಕೇಳಿದರು. ವಾದ ಗಟ್ಟಿಯಾಗಿದೆ. ಆದರೂ ‘ಜಾರಿಸು’ ಚಾಲಕ ಮಾಡುವ ಕೆಲಸವನ್ನು ಹೇಳುತ್ತದೆ. ನಮಗೆ ಕಾರು ಇರುವ ಸ್ಥಿತಿಗೆ ಹೆಸರು ಬೇಕು.

ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ತಿರುವಿನಲ್ಲಿ ಚಕ್ರ ನೋಡುವ ದಿಕ್ಕು ಒಂದು, ಅದು ಸಾಗುವ ದಿಕ್ಕು ಇನ್ನೊಂದು. ಇವೆರಡರ ನಡುವಿನ ಕೋನವನ್ನು ಸ್ಲಿಪ್ ಆಂಗಲ್ ಅನ್ನುತ್ತಾರೆ. ‘ಜಾರುಕೋನ’ ಎಂದು ಅನುವಾದಿಸುವುದು ಸುಲಭ. ಆದರೆ ಆ ಕೋನ ಚಿಕ್ಕದಿರುವಾಗ ನೆಲ ಮುಟ್ಟಿದ ರಬ್ಬರು ಬಹುಪಾಲು ಜಾರುವುದೇ ಇಲ್ಲ. ನೆಲವನ್ನು ಕಚ್ಚಿಕೊಂಡು ತಿರುಚಿಕೊಳ್ಳುತ್ತದೆ. ಆ ತಿರುಚುವಿಕೆಯಿಂದಲೇ ಕಾರನ್ನು ತಿರುವಿಗೆ ಎಳೆಯುವ ಬಲ ಹುಟ್ಟುತ್ತದೆ. ಕೋನ ಹೆಚ್ಚಿದಂತೆ ಬಲವೂ ಹೆಚ್ಚುತ್ತದೆ, ಒಂದು ಹಂತದಲ್ಲಿ ತುದಿ ಮುಟ್ಟುತ್ತದೆ, ಅದು ದಾಟಿದ ಮೇಲೆ ನಿಜವಾದ ಜಾರಿಕೆ ಶುರು. ಆಗಿನ ಟೈರುಗಳ ಒಳಗಿನ ನೂಲುಪದರಗಳು ಒಂದಕ್ಕೊಂದು ಅಡ್ಡವಾಗಿ ಓರೆಯಾಗಿ ಕೂತಿರುತ್ತಿದ್ದವು. ನೂಲುಗಳು ಓರೆಯಾಗದೆ ಟೈರಿಗೆ ನೇರ ಅಡ್ಡವಾಗಿ ಕೂರುವ ರೇಡಿಯಲ್ ಟೈರು ಗ್ರ್ಯಾನ್ ಪ್ರೀ ರೇಸಿಗೆ ಬಂದದ್ದು 1977ರಲ್ಲಿ, ಮಿಶ್ಲಾನ್ ಕಂಪನಿಯಿಂದ. ಹಳೆಯ ಟೈರಿಗೆ ತುದಿ ಮುಟ್ಟಲು ಜಾಸ್ತಿ ಕೋನ ಬೇಕಿತ್ತು, ತುದಿ ದಾಟಿದ ಮೇಲೂ ಹಿಡಿತ ಮೆಲ್ಲಗೆ ಬಿಡುತ್ತಿತ್ತು. ಹಾಗಾಗಿಯೇ ಕ್ಲಾರ್ಕ್, ಡ್ಯಾನ್ ಗರ್ನಿ ಅಂಥ ಚಾಲಕರ ಕಾರುಗಳು ಕಣ್ಣಿಗೆ ಕಾಣುವಷ್ಟು ಸೊಟ್ಟ ಹೋಗಿಯೂ ನಿಯಂತ್ರಣದಲ್ಲೇ ಇರುತ್ತಿದ್ದವು. ಹಿಡಿತ ಅತಿ ಹೆಚ್ಚಿರುವ ಸ್ಥಿತಿಗೆ ಹಿಡಿತ ತಪ್ಪಿದ ಪದ ಇಟ್ಟರೆ ಕಲಿಯುವವರಿಗೆ ಮೊದಲ ಪಾಠವೇ ತಪ್ಪುತ್ತದೆ.

‘ತೇಲು’ ಅಂತ ಒಬ್ಬರು ಹೇಳಿದರು. ಕರಾವಳಿಯವರಿಗೆ ಹತ್ತಿರದ ಪದ. ಆದರೆ ನೀರು ನಿಂತ ರಸ್ತೆಯಲ್ಲಿ ಟೈರು ನೆಲ ಬಿಟ್ಟು ನೀರಿನ ಮೇಲೆ ಹೋಗುತ್ತದಲ್ಲ, ಅದಕ್ಕೆ ‘ತೇಲು’ ಬೇಕೇ ಬೇಕು. ‘ವಾಲು’ ಕೂಡ ಖಾಲಿ ಇಲ್ಲ. ತಿರುವಿನಲ್ಲಿ ಕಾರಿನ ಮೈ ಒಂದು ಬದಿಗೆ ಬಾಗುವುದಕ್ಕೆ ಅದು ಹೋಗಿದೆ.

ನನ್ನ ಮನಸ್ಸು ನಿಂತಿರುವುದು ‘ಓರೆ’ಯಲ್ಲಿ. ಅಘನಾಶಿನಿ ಅಳಿವೆಯಲ್ಲಿ ದೋಣಿ ದಾಟಿಸುವವರನ್ನು ನೋಡಿ. ಇಳಿತದ ಸೆಳೆತ ಜೋರಿದ್ದರೆ ದೋಣಿಯ ಮೂತಿಯನ್ನು ಎದುರು ದಡಕ್ಕೆ ನೇರ ಹಿಡಿಯುವುದಿಲ್ಲ. ಸೆಳೆತಕ್ಕೆ ಎದುರಾಗಿ ಓರೆ ಹಿಡಿಯುತ್ತಾರೆ. ದೋಣಿ ಓರೆಯಾಗಿ ಇದ್ದುಕೊಂಡೇ ನೇರ ದಡ ಸೇರುತ್ತದೆ. ಮೂತಿ ಒಂದು ಕಡೆ, ದಾರಿ ಇನ್ನೊಂದು ಕಡೆ, ಎರಡೂ ಗೊತ್ತಿದ್ದೇ ಮಾಡಿದ್ದು. ಹಾಗಾಗಿ ಸ್ಲಿಪ್ ಆಂಗಲ್‌ಗೆ ‘ಓರೆಕೋನ’, ನಾಲ್ಕು ಚಕ್ರದ ಆ ಹಳೆಯ ಡ್ರಿಫ್ಟ್‌ಗೆ ‘ಓರೆಯೋಟ’ ಅನ್ನೋಣ ಎಂದು ನನ್ನ ಸಲಹೆ. ತುದಿ ದಾಟಿದ ಮೇಲಿನದ್ದಕ್ಕೆ ಮಾತ್ರ ‘ಜಾರಿಕೆ’. ‘ಡ್ರಿಫ್ಟ್’ ಪದವನ್ನು ಹೊಗೆ ಎಬ್ಬಿಸುವ ಆಟಕ್ಕೇ ಬಿಟ್ಟುಕೊಡೋಣ.

‘ಓರೆಕೋರೆ’ ಅಂದರೆ ದೋಷ ಅಂತ ಅರ್ಥ ಇರುವುದು ಗೊತ್ತು. ಜೋಡಿಪದದಲ್ಲಿ ಬಂದ ಆ ಅರ್ಥ ಒಂಟಿ ‘ಓರೆ’ಗೆ ಅಷ್ಟಾಗಿ ಅಂಟಿಲ್ಲ ಅಂತ ನನಗೆ ಅನ್ನಿಸುತ್ತದೆ. ಗಣಿತ ಕಲಿಸುವವರಿಗೆ ‘ಓರೆಕೋನ’ ಬೇರೆ ಕೋನದಂತೆ ಕೇಳಿಸುತ್ತದೆಯೇ? ಹೇಳಿ.

ಮೇಲೆ ‘ಮರುಕಟ್ಟು’ ಅಂತ ಬರೆದಿದ್ದೇನೆ, ಅದನ್ನೂ ನೋಡಿಬಿಡಿ. ಹಳೆಯ ಕಾರನ್ನು ಕಂಪ್ಯೂಟರಿನಲ್ಲಿ ಮತ್ತೆ ಮಾಡುವುದಕ್ಕೆ ‘ಪ್ರತಿಕೃತಿ’ ಅಂದರೆ ಪೇಪರಿನ ‘ಪ್ರತಿಕೃತಿ ದಹನ’ ನೆನಪಾಗುತ್ತದೆ, ‘ನಕಲು’ ಅಂದರೆ ಕಳ್ಳಮಾಲು ಅನ್ನಿಸುತ್ತದೆ. ನಮ್ಮಲ್ಲಿ ದೋಣಿಯನ್ನೂ ಕಟ್ಟುತ್ತಾರೆ, ತೇರನ್ನೂ ಕಟ್ಟುತ್ತಾರೆ. ಕಾರನ್ನು ಕಟ್ಟಲು ಏನು ಅಡ್ಡಿ? ಇದರ ಬಗ್ಗೆ ನಮ್ಮಲ್ಲಿ ಯಾರದ್ದೂ ತಕರಾರಿಲ್ಲ.

ಈಗ ನಿಮ್ಮಿಂದ ಬೇಕಾದದ್ದು ಇಷ್ಟು. ತದಡಿ, ಬೇಲೆಕೇರಿ, ಬೈತಖೋಲ ಕಡೆ ದೋಣಿಯವರ ಪರಿಚಯ ಇದ್ದರೆ ದಯವಿಟ್ಟು ಕೇಳಿ. ಸೆಳೆತಕ್ಕೆ ಎದುರು ಓರೆ ಹಿಡಿಯುವುದಕ್ಕೆ ಅವರ ಬಾಯಲ್ಲಿ ಬೇರೆಯೇ ಒಂದು ಪದ ಇದೆಯೇ? ಕೊಂಕಣಿಯದ್ದಾದರೂ ಸರಿ. ಘಟ್ಟದ ರಸ್ತೆಯ ಲಾರಿ ಚಾಲಕರಲ್ಲಿ, ಗಾಡಿ ಪಕ್ಕಕ್ಕೆ ಸರಿದರೂ ಕೈಯಲ್ಲೇ ಇತ್ತು ಅನ್ನುವುದಕ್ಕೆ ಒಂದೇ ಮಾತು ಇದೆಯೇ? ಸಿಕ್ಕಿದ ಪದವನ್ನು ಅವರು ಹೇಳಿದ ವಾಕ್ಯದ ಸಮೇತ, ಯಾವ ಊರಿನದು ಅಂತ ಸೇರಿಸಿ ಬರೆಯಿರಿ. ‘ಓರೆಯೋಟ’ಕ್ಕಿಂತ ಒಳ್ಳೆಯದು ಬಂದರೆ ಅಧ್ಯಾಯ ಪೂರ್ತಿ ತಿದ್ದಲು ನಾವು ತಯಾರು.